ಊಟಿಯ ತೋಟಗಳು: ಇರುವ ಒಂದೆರಡು ದಿನ ಯಾವುದಕ್ಕೆ ಕೊಡುವುದು?

ಮೈಸೂರಿನಿಂದ ಬೆಳಿಗ್ಗೆ ಆರಕ್ಕೆ ಹೊರಟರೂ ಊಟಿ ತಲುಪುವಾಗ ಹತ್ತೂವರೆ ಆಗಿರುತ್ತದೆ. ರಾತ್ರಿ ಒಂಬತ್ತಕ್ಕೆ ಬಂಡೀಪುರದ ರಸ್ತೆ ಮುಚ್ಚುವುದರಿಂದ ಸಂಜೆ ಐದಕ್ಕೆಲ್ಲ ಮರಳಿ ಹೊರಡಬೇಕು. ಊಟದ ಹೊತ್ತು, ಟ್ರಾಫಿಕ್ಕಿನ ಹೊತ್ತು ಕಳೆದರೆ ಕೈಯಲ್ಲಿ ಉಳಿಯುವುದು ಐದು ಗಂಟೆ. ಅಷ್ಟರಲ್ಲಿ ಬೊಟಾನಿಕಲ್ ಗಾರ್ಡನ್, ರೋಸ್ ಗಾರ್ಡನ್, ಕರ್ನಾಟಕ ಸಿರಿ, ಕೂನೂರಿನ ಸಿಮ್ಸ್ ಪಾರ್ಕ್, ಒಂದು ಟೀ ಫ್ಯಾಕ್ಟರಿ ಎಲ್ಲವನ್ನೂ ಮುಗಿಸುತ್ತೇವೆಂದು ಹೊರಟರೆ ಯಾವುದೂ ಸರಿಯಾಗಿ ದಕ್ಕುವುದಿಲ್ಲ. ಎರಡು ದಿನ ಉಳಿಯುವವರಿಗೂ ಗೊಂದಲ ತಪ್ಪಿದ್ದಲ್ಲ. ಫೋಟೊದಲ್ಲಿ ಎಲ್ಲ ತೋಟಗಳೂ ಒಂದೇ ಥರ ಕಾಣುತ್ತವೆ: ಮುಂದೆ ಹುಲ್ಲು, ನಡುವೆ ಹೂವು, ಹಿಂದೆ ಬೆಟ್ಟ.

ಹತ್ತಿರದಿಂದ ನೋಡಿದರೆ ಇವುಗಳ ಎತ್ತರ ಬೇರೆ, ಮಳೆ ಬೇರೆ, ಮಾಡಿದ ಉದ್ದೇಶವೂ ಬೇರೆ. ಊಟಿಯ ತೋಟಗಳು ಸುಮಾರು 2,200 ಮೀಟರ್ ಎತ್ತರದಲ್ಲಿವೆ, ಸಿಮ್ಸ್ ಪಾರ್ಕ್ ಸುಮಾರು 1,780 ಮೀಟರ್‌ನಲ್ಲಿದೆ. ನಾನೂರು ಮೀಟರ್ ಅಂತರಕ್ಕೆ ಗಿಡಗಳೇ ಬದಲಾಗುತ್ತವೆ. ಹಾಗಾಗಿ ಹೆಸರು ನೋಡಿ ಆರಿಸುವುದಕ್ಕಿಂತ ನಿಮ್ಮ ತಿಂಗಳು, ನಿಮ್ಮ ಜೊತೆಗಾರರ ಮಂಡಿ, ನಿಮ್ಮ ಆಸಕ್ತಿ ಈ ಮೂರನ್ನು ಮೊದಲು ನೋಡಿಕೊಂಡರೆ ಆಯ್ಕೆ ಸಲೀಸಾಗುತ್ತದೆ.

ಮೊದಲು ತೂಗಿ ನೋಡಬೇಕಾದ್ದು

ಎಲ್ಲಕ್ಕಿಂತ ಮುಖ್ಯ ತಿಂಗಳು. ಹೂವಿನ ಹಬ್ಬ ಏಪ್ರಿಲ್ ಕೊನೆಯಿಂದ ಮೇ ತುಂಬ. ಕೋಟಗಿರಿಯಲ್ಲಿ ತರಕಾರಿ ಪ್ರದರ್ಶನ, ಗೂಡಲೂರಿನಲ್ಲಿ ಸಂಬಾರ ಪದಾರ್ಥಗಳ ಪ್ರದರ್ಶನ, ಊಟಿಯಲ್ಲಿ ಗುಲಾಬಿ ಮತ್ತು ಪುಷ್ಪ ಪ್ರದರ್ಶನ, ಸಿಮ್ಸ್ ಪಾರ್ಕಿನಲ್ಲಿ ಹಣ್ಣಿನ ಪ್ರದರ್ಶನ ಎಲ್ಲವೂ ಮೇ ತಿಂಗಳ ಆಸುಪಾಸಿನಲ್ಲೇ ಬರುತ್ತವೆ. ಜನವೂ ಆಗಲೇ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಎರಡನೇ ಸೀಸನ್ ಎಂದು ಮತ್ತೊಮ್ಮೆ ಕುಂಡಗಳನ್ನು ಜೋಡಿಸುತ್ತಾರೆ. ಹೂವು ಮೇ ತಿಂಗಳಷ್ಟಿರುವುದಿಲ್ಲ, ಆದರೆ ನಿಂತು ನೋಡಲು ಜಾಗವಿರುತ್ತದೆ. ಶಾಲೆಯ ರಜೆಗೆ ಕಟ್ಟುಬೀಳದವರಿಗೆ ನಾವು ಹೇಳುವುದು ಇದೇ ಹೊತ್ತನ್ನು.

ಮಳೆಯ ಲೆಕ್ಕ ಸ್ವಲ್ಪ ಸೂಕ್ಷ್ಮ. ನೀಲಗಿರಿಯ ಪಡುವಣ ಭಾಗಕ್ಕೆ ಮುಂಗಾರು ಜೋರು, ಮೂಡಣ ಇಳಿಜಾರಿನ ಕೂನೂರು, ಕೋಟಗಿರಿಗಳಿಗೆ ಹಿಂಗಾರು ಜೋರು. ಜುಲೈನಲ್ಲಿ ಊಟಿಯಲ್ಲಿ ದಿನವಿಡೀ ಜಿಟಿಜಿಟಿ ಹಿಡಿದಿದ್ದರೂ ಕೂನೂರಿನಲ್ಲಿ ಬಿಸಿಲು ಬಿದ್ದಿರುವುದು ಸಾಮಾನ್ಯ. ಅಕ್ಟೋಬರ್ ಕೊನೆ, ನವೆಂಬರ್‌ನಲ್ಲಿ ಇದು ತಿರುವುಮುರುವು. ಆಗ ಕೂನೂರಿನಲ್ಲಿ ಮಳೆ ಹುಯ್ಯುತ್ತದೆ, ಮೇಟುಪಾಳ್ಯದ ಘಾಟಿಯಲ್ಲಿ ಗುಡ್ಡ ಕುಸಿದು ಬೆಟ್ಟದ ರೈಲು ರದ್ದಾಗುವುದೂ ಈ ತಿಂಗಳುಗಳಲ್ಲೇ. ಮುಂಗಾರಿನಲ್ಲಿ ಹೋಗುವವರು ಕೂನೂರಿಗೆ ಒಂದು ದಿನ ಇಟ್ಟುಕೊಳ್ಳಿ, ಹಿಂಗಾರಿನಲ್ಲಿ ಊಟಿಯಲ್ಲೇ ಉಳಿಯಿರಿ.

ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ಊಟಿಯಲ್ಲಿ ಬೆಳಗಿನ ಇಬ್ಬನಿ ಹೆಪ್ಪುಗಟ್ಟುತ್ತದೆ. ರಾತ್ರಿ ಉಷ್ಣಾಂಶ ಸೊನ್ನೆಯ ಹತ್ತಿರಕ್ಕೆ ಇಳಿದಾಗ ಎಲೆಯೊಳಗಿನ ನೀರು ಗಟ್ಟಿಯಾಗಿ ಜೀವಕೋಶ ಒಡೆಯುತ್ತದೆ, ಬಿಸಿಲೇರಿದ ಮೇಲೆ ಆ ಎಲೆ ಬೆಂದ ಸೊಪ್ಪಿನಂತೆ ಕಪ್ಪಾಗಿ ಜೋತುಬೀಳುತ್ತದೆ. ಇದನ್ನು ತಡೆಯಲು ಬೊಟಾನಿಕಲ್ ಗಾರ್ಡನ್ನಿನ ಕೆಲಸಗಾರರು ಸಂಜೆ ಎಳೆಯ ಗಿಡಗಳ ಮೇಲೆ ಕೋಟಗಿರಿ ಮಿಲಾರ್ ಎಂಬ ಪೊದೆಯ ರೆಂಬೆಗಳನ್ನು ಚುಚ್ಚಿ ಚಪ್ಪರದಂತೆ ಮುಚ್ಚುತ್ತಾರೆ, ಬೆಳಿಗ್ಗೆ ಬಿಸಿಲು ತಾಗುವ ಮೊದಲೇ ಹುಲ್ಲಿಗೆ ನೀರು ಚಿಮುಕಿಸುತ್ತಾರೆ. ಗಿಡ ಸಾಕುವವರಿಗೆ ಇದನ್ನು ನೋಡುವುದೇ ಒಂದು ಪಾಠ. ಹೂವು ನೋಡಲೆಂದೇ ಬಂದವರಿಗೆ ಮಾತ್ರ ಇದು ಬರಿದಾದ ಕಾಲ.

ಎರಡನೆಯದು ಏರು. ಇಲ್ಲಿ ಸಮತಟ್ಟಾದ ತೋಟ ಒಂದೂ ಇಲ್ಲ. ಆದರೆ ಏರು ಎಲ್ಲಿ ಬರುತ್ತದೆ ಎಂಬುದು ಒಂದೊಂದರಲ್ಲೂ ಬೇರೆ, ಅದನ್ನು ಆಯಾ ತೋಟದ ಮಾತು ಬಂದಾಗ ಹೇಳುತ್ತೇವೆ. ಈ ಎತ್ತರದಲ್ಲಿ ಸಪಾಟು ನೆಲದವರಿಗೆ ಮೊದಲ ದಿನ ಬೇಗ ಏದುಸಿರು ಬರುತ್ತದೆ, ಹೃದಯದ ತೊಂದರೆ ಇರುವ ಹಿರಿಯರನ್ನು ಬಂದಿಳಿದ ದಿನವೇ ಏರು ಹತ್ತಿಸಬೇಡಿ.

ಮೂರನೆಯದು ಹಣ. ಪ್ರವೇಶದ ಟಿಕೆಟ್ಟು ನಿಮ್ಮ ಖರ್ಚಿನಲ್ಲಿ ಸಣ್ಣ ಪಾಲು. ತಲೆಗೆ ತೋಟವೊಂದಕ್ಕೆ ನೂರು ರೂಪಾಯಿ ಎತ್ತಿಟ್ಟು, ಕ್ಯಾಮೆರಾಕ್ಕೆ ಬೇರೆ ಟಿಕೆಟ್ಟು ಇರುತ್ತದೆಂದು ನೆನಪಿಟ್ಟರೆ ಸಾಕು. ಪುಷ್ಪ ಪ್ರದರ್ಶನದ ದಿನಗಳಲ್ಲಿ ದರ ಹೆಚ್ಚು. ನಿಜವಾಗಿ ಹಣ ಹೋಗುವುದು ಗಾಡಿಗೆ ಮತ್ತು ಮೇ ತಿಂಗಳ ಕೋಣೆ ಬಾಡಿಗೆಗೆ.

ಬೊಟಾನಿಕಲ್ ಗಾರ್ಡನ್: ಒಂದೇ ಒಂದು ನೋಡುವುದಾದರೆ

ದೊಡ್ಡಬೆಟ್ಟದ ಬುಡದ ಇಳಿಜಾರಿನಲ್ಲಿ 55 ಎಕರೆ. ಈ ತೋಟ ಹುಟ್ಟಿದ್ದೇ ತರಕಾರಿಯಿಂದ. 1840ರ ದಶಕದಲ್ಲಿ ಊಟಿಯಲ್ಲಿ ನೆಲೆಸಿದ್ದ ಯುರೋಪಿಯನ್ನರು ತಿಂಗಳಿಗೆ ಮೂರು ರೂಪಾಯಿ ಚಂದಾ ಹಾಕಿ, ತಮ್ಮ ಅಡುಗೆಗೆ ಬೇಕಾದ ತರಕಾರಿ ಅಗ್ಗಕ್ಕೆ ಸಿಗಲೆಂದು ಒಂದು ತೋಟ ನಡೆಸುತ್ತಿದ್ದರು. ಅದೇ ಜಾಗಕ್ಕೆ 1848ರಲ್ಲಿ ಲಂಡನ್ನಿನ ಕ್ಯೂ ಉದ್ಯಾನದಿಂದ ಬಂದ ವಿಲಿಯಂ ಗ್ರಹಾಂ ಮ್ಯಾಕೈವರ್ ಈಗಿನ ರೂಪ ಕೊಟ್ಟ. ಮಲೇರಿಯಾದ ಔಷಧಿ ಕ್ವಿನೈನ್ ಕೊಡುವ ಸಿಂಕೋನಾ ಮರ ನೀಲಗಿರಿಯಲ್ಲಿ ನೆಲೆಯೂರಿದ್ದರಲ್ಲೂ ಅವನ ಕೈಯಿದೆ.

ಕೆಳಗಿನ ತೋಟ, ಹೊಸ ತೋಟ, ಇಟಾಲಿಯನ್ ತೋಟ, ಗಾಜಿನ ಮನೆ, ಕಾರಂಜಿಯ ಹಂತ, ನರ್ಸರಿ ಎಂದು ಭಾಗಗಳಿವೆ. ಬಹುತೇಕ ಜನ ಗೇಟಿನ ಹತ್ತಿರದ ದೊಡ್ಡ ಹುಲ್ಲುಹಾಸಿನಲ್ಲಿ ಕೂತು, ಫೋಟೊ ತೆಗೆದು ತಿರುಗಿಬಿಡುತ್ತಾರೆ. ಅರ್ಧ ಗಂಟೆ ಇದ್ದವರಿಗೆ ಅಷ್ಟೇ ಆಗುವುದು. ಎರಡೂವರೆ ಗಂಟೆ ಕೊಡುವವರು ಮೊದಲು ಮೇಲೆ ಹತ್ತಿ, ಆಮೇಲೆ ಇಳಿಯುತ್ತ ನೋಡಿ. ಕಾಲಿಗೆ ಶಕ್ತಿ ಇರುವಾಗ ಏರು ಮುಗಿಯುತ್ತದೆ, ಹತ್ತು ಗಂಟೆಯ ಮೊದಲು ಮೇಲಿನ ಭಾಗದಲ್ಲಿ ಜನವೂ ಕಡಿಮೆ.

ಇಲ್ಲಿ ನಿಧಾನವಾಗಿ ನೋಡಬೇಕಾದದ್ದು ಮರಗಳು. ಕಾರ್ಕ್ ಮರದ ತೊಗಟೆಗೆ ಬೆರಳು ಒತ್ತಿದರೆ ಸ್ವಲ್ಪ ಮೆತ್ತಗೆ ಒಳಹೋಗಿ ಮತ್ತೆ ಉಬ್ಬುತ್ತದೆ. ಪೇಪರ್‌ಬಾರ್ಕ್ ಮರದ ತೊಗಟೆ ಹಾಳೆ ಹಾಳೆಯಾಗಿ ಬಿಡುತ್ತದೆ. ಕೀಳಬೇಡಿ, ಒಳಪದರ ತೆರೆದುಕೊಂಡರೆ ರೋಗ ಹೊಗುತ್ತದೆ. ಮಂಕಿ ಪಜಲ್ ಮರದ ಎಲೆಗಳು ಮೊಳೆಯಷ್ಟು ಚೂಪು, ಮಕ್ಕಳನ್ನು ಹತ್ತಿರ ಬಿಡುವಾಗ ಎಚ್ಚರ. ಸುಮಾರು ಎರಡು ಕೋಟಿ ವರ್ಷ ಹಳೆಯದೆಂದು ಹೇಳುವ, ಕಲ್ಲಾದ ಮರದ ಕಾಂಡವೂ ಇಲ್ಲಿದೆ. ಇಟಾಲಿಯನ್ ತೋಟವನ್ನು ಇಟಲಿಯ ಯುದ್ಧಕೈದಿಗಳು ಮಾಡಿದರೆಂದು ಹೇಳುತ್ತಾರೆ. ತುದಿಯಲ್ಲಿ ನೀಲಗಿರಿಯ ಬುಡಕಟ್ಟಿನವರಾದ ತೊದವರ ಮಂದ್, ಅಂದರೆ ಹಟ್ಟಿ, ಇದೆ. ಅದು ಜನ ಬಾಳುವ ಜಾಗ, ಪೂಜೆಯ ಜಾಗವೂ ಹೌದು. ಕೇಳದೆ ಒಳಗೆ ಇಣುಕುವುದು, ಫೋಟೊ ತೆಗೆಯುವುದು ಬೇಡ.

ಪುಷ್ಪ ಪ್ರದರ್ಶನ ಇಲ್ಲಿ 1896ರಿಂದ ನಡೆಯುತ್ತ ಬಂದಿದೆ. ಪೆಟೂನಿಯಾ, ಪ್ಯಾನ್ಸಿ, ಡೇಲಿಯಾ, ಚೆಂಡುಹೂವು ಹೀಗೆ ಮೂವತ್ತು ಸಾವಿರಕ್ಕೂ ಹೆಚ್ಚು ಕುಂಡಗಳನ್ನು ಗ್ಯಾಲರಿಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಜೋಡಿಸುತ್ತಾರೆ. ಮೇ ತಿಂಗಳಲ್ಲಿ ಅರಳಬೇಕಾದ ಸಸಿಗಳಿಗೆ ಚಳಿಗಾಲದಲ್ಲೇ ಬೀಜ ಹಾಕಿರುತ್ತಾರೆ. ಪ್ರದರ್ಶನಕ್ಕೆ ಮುಂಚಿನ ವಾರಗಳಲ್ಲಿ ಹುಲ್ಲು ಚೇತರಿಸಿಕೊಳ್ಳಲೆಂದು ದೊಡ್ಡ ಹುಲ್ಲುಹಾಸಿಗೆ ಜನರನ್ನು ಬಿಡದಿರುವುದುಂಟು. ಏಪ್ರಿಲ್‌ನಲ್ಲಿ ಹೋಗಿ, ಮಕ್ಕಳನ್ನು ಆಡಿಸಲು ಜಾಗವಿಲ್ಲವೆಂದು ಬೇಸರಪಡುವವರು ಬಹಳ. ಪ್ರದರ್ಶನದ ದಿನಗಳಲ್ಲೇ ಹೋಗುವುದಾದರೆ ಶನಿವಾರ, ಭಾನುವಾರ ಬಿಟ್ಟು, ಬಾಗಿಲು ತೆರೆಯುವ ಹೊತ್ತಿಗೆ ಗೇಟಿನಲ್ಲಿರಿ. ಹನ್ನೊಂದರ ಮೇಲೆ ಗ್ಯಾಲರಿಯ ಮುಂದೆ ಸಾಲು ನಿಲ್ಲದೆ ಚಲಿಸುತ್ತಿರುತ್ತದೆ, ಒಂದು ಕುಂಡದ ಮುಂದೆ ನಿಲ್ಲಲು ಬಿಡುವುದಿಲ್ಲ.

ಹಿರಿಯರಿಗೆ ಕೆಳಗಿನ ತೋಟ ಮತ್ತು ಗಾಜಿನ ಮನೆ ಸಾಕು. ಅವರನ್ನು ಅಲ್ಲಿ ನೆರಳಿನ ಬೆಂಚಿನಲ್ಲಿ ಕೂರಿಸಿ ಉಳಿದವರು ಮೇಲೆ ಹೋಗಿಬರಬಹುದು. ಈ ಅನುಕೂಲ ಬೇರೆ ತೋಟಗಳಲ್ಲಿ ಇಷ್ಟಿಲ್ಲ.

ರೋಸ್ ಗಾರ್ಡನ್: ತಿಂಗಳು ಸರಿಯಿದ್ದರೆ ಮಾತ್ರ

ಎಲ್ಕ್ ಹಿಲ್ ಇಳಿಜಾರಿನಲ್ಲಿ ಐದು ಹಂತಗಳಲ್ಲಿ ಹತ್ತು ಎಕರೆ. ಪುಷ್ಪ ಪ್ರದರ್ಶನದ ನೂರನೇ ವರ್ಷದ ನೆನಪಿಗೆ 1995ರಲ್ಲಿ ಆರಂಭವಾಯಿತು. 2006ರಲ್ಲಿ ವಿಶ್ವ ಗುಲಾಬಿ ಸಂಘಗಳ ಒಕ್ಕೂಟದ ಶ್ರೇಷ್ಠ ತೋಟ ಪ್ರಶಸ್ತಿ ಬಂದಿದೆ. ಸಾವಿರಾರು ತಳಿಗಳಿವೆ: ಒಂಟಿ ದೊಡ್ಡ ಹೂವಿನ ಹೈಬ್ರಿಡ್ ಟೀ, ಗೊಂಚಲು ಬಿಡುವ ಫ್ಲೋರಿಬಂಡಾ, ಗುಂಡಿಯಷ್ಟೇ ಹೂವಿನ ಮಿನಿಯೇಚರ್, ಕಮಾನಿಗೆ ಹಬ್ಬಿಸಿದ ಬಳ್ಳಿ ಗುಲಾಬಿ. ಮನೆಯಲ್ಲಿ ಗುಲಾಬಿ ಬೆಳೆಯುವವರು ತಳಿಯ ಹೆಸರಿನ ಫಲಕ ಓದಿಕೊಂಡು ಪಟ್ಟಿ ಮಾಡಿಕೊಳ್ಳಲು ಇದಕ್ಕಿಂತ ಒಳ್ಳೆಯ ಜಾಗ ಹತ್ತಿರದಲ್ಲಿಲ್ಲ.

ತೊಡಕು ಇರುವುದು ಹೊತ್ತಿನಲ್ಲಿ. ಗುಲಾಬಿ ಹೊಸ ಚಿಗುರಿನ ತುದಿಯಲ್ಲಿ ಹೂ ಬಿಡುವ ಗಿಡ. ಬೇಸಿಗೆಯ ಪ್ರದರ್ಶನಕ್ಕೆ ಒಮ್ಮೆಲೇ ಅರಳಲೆಂದು ಚಳಿಗಾಲದಲ್ಲಿ, ಎರಡನೇ ಸೀಸನ್ನಿಗೆಂದು ಮುಂಗಾರಿನಲ್ಲಿ ಇಡೀ ತೋಟವನ್ನು ಸವರುತ್ತಾರೆ. ಸವರಿದ ಮೇಲೆ ಎರಡು ಮೂರು ತಿಂಗಳು ನಿಮಗೆ ಕಾಣುವುದು ಮುಳ್ಳಿನ ಮೋಟು ಮತ್ತು ಕೆಂಪು ಚಿಗುರು. ಜನವರಿ, ಫೆಬ್ರುವರಿ, ಜುಲೈಗಳಲ್ಲಿ ಹೋಗುವವರು ಇದನ್ನು ಬಿಟ್ಟುಬಿಡಿ, ಆ ಒಂದೂವರೆ ಗಂಟೆ ಬೇರೆಡೆಗೆ ಉಳಿಯುತ್ತದೆ. ಸವರುವ ವಿಧಾನ ಕಲಿಯಬೇಕೆಂದಿರುವವರಿಗೆ ಮಾತ್ರ ಆ ತಿಂಗಳೇ ಸರಿ: ಹೊರಮುಖದ ಕಣ್ಣಿನ ಮೇಲೆ ಕಾಲಂಗುಲ ಬಿಟ್ಟು ಓರೆಯಾಗಿ ಕತ್ತರಿಸಿರುವುದನ್ನು ಗಿಡ ಗಿಡದಲ್ಲೂ ನೋಡಬಹುದು.

ಗುಲಾಬಿಗೆ ಬಿಸಿಲು ಬೇಕಾದ್ದರಿಂದ ತೋಟದಲ್ಲಿ ನೆರಳು ಕಡಿಮೆ. ಗಾಳಿ ತಣ್ಣಗಿದ್ದರೂ ಈ ಎತ್ತರದ ಬಿಸಿಲು ಚರ್ಮ ಸುಡುತ್ತದೆ, ಟೋಪಿ ಬೇಕೇ ಬೇಕು. ಹಂತಗಳ ನಡುವೆ ಹತ್ತಿಳಿಯುವುದಿರುವುದರಿಂದ ಮಂಡಿನೋವಿನವರಿಗೆ ತಳ್ಳುಗಾಡಿಯ ಮಗು ಇರುವವರಷ್ಟೇ ಕಷ್ಟ. ಮಳೆಯ ಮರುದಿನ ಹೋದರೆ ಅರಳಿದ ದೊಡ್ಡ ಹೂಗಳು ನೀರು ಕುಡಿದು ಕಂದಿರುತ್ತವೆ.

ಕರ್ನಾಟಕ ಸಿರಿ: ಬಯಲು ಬೇಕಾದವರಿಗೆ

ಫರ್ನ್‌ಹಿಲ್‌ನಲ್ಲಿ ಸುಮಾರು 38 ಎಕರೆಯ ಈ ಉದ್ಯಾನ ನಮ್ಮ ರಾಜ್ಯದ ತೋಟಗಾರಿಕೆ ಇಲಾಖೆಯದು. ಮೈಸೂರಿನ ಒಡೆಯರ ಬೇಸಿಗೆ ಅರಮನೆಯೂ ಫರ್ನ್‌ಹಿಲ್‌ನಲ್ಲೇ. ತಮಿಳುನಾಡಿನೊಳಗೆ ಕನ್ನಡದ ಫಲಕ ಕಂಡಾಗ ಆಗುವ ಖುಷಿ ಬೇರೆಯೇ, ಅದನ್ನು ಮುಚ್ಚಿಡುವ ಅಗತ್ಯವಿಲ್ಲ. ಆದರೆ ಆ ಖುಷಿಗಾಗಿ ಮಾತ್ರ ಹೋಗಬೇಡಿ, ಹೋಗಲು ಬೇರೆ ಒಳ್ಳೆಯ ಕಾರಣಗಳಿವೆ.

ಹಾಸಿಕೊಂಡ ಹುಲ್ಲಿನ ಇಳಿಜಾರು, ಗಾಜಿನ ಮನೆ, ಕತ್ತರಿಸಿ ಆಕಾರ ಕೊಟ್ಟ ಪೊದೆಗಳು, ಬೇಲಿಗಿಡಗಳಿಂದ ಮಾಡಿದ ಚಕ್ರವ್ಯೂಹ, ಟೀ ಗಿಡಗಳ ತಾಕು, ತೂಗುಸೇತುವೆ ಇವೆ. ಐದರಿಂದ ಹನ್ನೆರಡು ವರ್ಷದ ಮಕ್ಕಳಿದ್ದರೆ ಊಟಿಯಲ್ಲಿ ನಮ್ಮ ಮೊದಲ ಆಯ್ಕೆ ಇದೇ. ಬೊಟಾನಿಕಲ್ ಗಾರ್ಡನ್ನಿನಷ್ಟು ನೂಕಾಟವಿಲ್ಲ, ಮಕ್ಕಳು ಓಡಿದರೂ ಕಣ್ಣಿಗೆ ಕಾಣುತ್ತಿರುತ್ತಾರೆ.

ಜನರಿಗೆ ತೆರೆದು ಹೆಚ್ಚು ಕಾಲವಾಗಿಲ್ಲದ್ದರಿಂದ ಹಳೆಯ ಮರಗಳ ಗಾಂಭೀರ್ಯ ಇಲ್ಲಿಲ್ಲ, ಬಿಸಿಲಲ್ಲಿ ನಡೆಯುವುದು ಹೆಚ್ಚು. ಗಿಡಗಳ ವೈವಿಧ್ಯ ಹುಡುಕಿಕೊಂಡು ಬಂದವರಿಗೆ ಒಂದು ಗಂಟೆಯಲ್ಲಿ ಮುಗಿದುಹೋಗುತ್ತದೆ, ಮಕ್ಕಳಿರುವವರಿಗೆ ಎರಡು ಗಂಟೆ ಸಾಲುವುದಿಲ್ಲ. ಮಳೆ ಬಂದರೆ ಹುಲ್ಲಿನ ಇಳಿಜಾರು ಜಾರುತ್ತದೆ, ಚಪ್ಪಲಿ ಬಿಟ್ಟು ಹಿಡಿತವಿರುವ ಶೂ ಹಾಕಿಸಿ. ಊಟಿ ಬಸ್ ನಿಲ್ದಾಣದಿಂದ ಆಟೊದಲ್ಲಿ ಬರಬಹುದು, ಹಿಂತಿರುಗಲು ಆಟೊ ಆ ಕ್ಷಣಕ್ಕೆ ಸಿಗದೆ ಹೋಗಬಹುದು. ಬಂದ ಆಟೊದವರಲ್ಲೇ ಹೊತ್ತು ಹೇಳಿ ಗೊತ್ತುಮಾಡಿಕೊಳ್ಳುವುದು ಮೇಲು.

ಸಿಮ್ಸ್ ಪಾರ್ಕ್: ಗಿಡ ಬಲ್ಲವರ ತೋಟ

ಹೂವಿಗಿಂತ ಮರ ಇಷ್ಟಪಡುವವರಿಗೆ ಊಟಿಯ ಮೂರೂ ತೋಟ ಬಿಟ್ಟಾದರೂ ಇಲ್ಲಿಗೆ ಬನ್ನಿ ಎನ್ನುತ್ತೇವೆ. 1874ರಲ್ಲಿ ಜೆ.ಡಿ. ಸಿಮ್ ಮತ್ತು ಮೇಜರ್ ಮರ್ರೆ ಎಂಬವರು ಒಂದು ಕಮರಿಯನ್ನು ಅದರ ಮೂಲ ಆಕಾರ ಕೆಡಿಸದೆ ತೋಟವಾಗಿಸಿದರು. 12 ಹೆಕ್ಟೇರು, ಸಾವಿರಕ್ಕೂ ಹೆಚ್ಚು ಜಾತಿಯ ಗಿಡಮರ. ಮೇಲಿನಿಂದ ಇಳಿಯುತ್ತ ಹೋದಂತೆ ಗಾಳಿಯ ತೇವ ಹೆಚ್ಚುತ್ತದೆ, ಗಿಡಗಳೂ ಅದಕ್ಕೆ ತಕ್ಕಂತೆ ಬದಲಾಗುತ್ತವೆ. ತೇವದ ತಗ್ಗಿನಲ್ಲಿ ಮರಜರಿಗಿಡಗಳಿವೆ (ಟ್ರೀ ಫರ್ನ್). ಅವುಗಳ ಕಾಂಡ ಮುಟ್ಟಿ ನೋಡಿ: ಕಪ್ಪಗೆ, ಒರಟಾಗಿ, ನಾರಿನ ಹಗ್ಗ ಸುತ್ತಿಟ್ಟ ಹಾಗೆ. ಅದರ ಹೊರಮೈ ಬಹುಪಾಲು ಬೇರುಗಳದ್ದೇ, ನೀರನ್ನು ಹಿಡಿದಿಡುವುದು ಆ ಬೇರು. ಬೆಂಗಳೂರಿಗೆ ತಂದು ನೆಟ್ಟ ಮರಜರಿ ಎರಡೇ ಬೇಸಿಗೆಯಲ್ಲಿ ಒಣಗುವುದು ಗಾಳಿಯ ತೇವ ಸಾಲದೆ.

ರುದ್ರಾಕ್ಷಿ ಮರ ಇಲ್ಲಿ ನೋಡಲೇಬೇಕಾದ್ದು. ಹಣ್ಣು ಕಡುನೀಲಿ, ಹೊಳೆಯುವ ಸಿಪ್ಪೆ. ಕೆಳಗೆ ಬಿದ್ದ ಹಣ್ಣಿನ ತಿರುಳು ಕೊಳೆತು ಬಿಟ್ಟುಕೊಂಡಾಗ ಒಳಗಿನ ಕಾಯಿಯ ಮುಖಗಳು ತೆರೆದುಕೊಳ್ಳುತ್ತವೆ. ಇದಲ್ಲದೆ ಅರೌಕೇರಿಯಾ, ಅಗಾತಿಸ್, ಮ್ಯಾಗ್ನೋಲಿಯಾ, ಓಕ್, ಟರ್ಪಂಟೈನ್ ಮರಗಳಿವೆ. ಗಾಜಿನ ಮನೆಯೂ ಕೆಳಗೆ ದೋಣಿಯಾಡಿಸುವ ಪುಟ್ಟ ಕೆರೆಯೂ ಇರುವುದರಿಂದ ಮಕ್ಕಳಿಗೂ ಬೇಸರವಾಗದು.

ಇಲ್ಲಿನ ತೊಡಕು ಕಮರಿಯದ್ದೇ. ಬೊಟಾನಿಕಲ್ ಗಾರ್ಡನ್ನಿನಲ್ಲಿ ಮೊದಲು ಹತ್ತಿ ಆಮೇಲೆ ಇಳಿಯುತ್ತೀರಿ, ಇಲ್ಲಿ ಮೊದಲು ಸಲೀಸಾಗಿ ಇಳಿದು, ದಣಿದ ಮೇಲೆ ಹತ್ತಬೇಕು. ಹಿರಿಯರು ಕೆರೆಯವರೆಗೆ ಖುಷಿಯಿಂದ ಹೋಗಿ, ವಾಪಸು ಬರುವಾಗ ಪ್ರತಿ ತಿರುವಿನಲ್ಲೂ ಕೂರುತ್ತಾರೆ. ಅವರಿಗೆ ಮೇಲಿನ ಸುತ್ತು ಸಾಕು. ಇಳಿಯಲೇಬೇಕೆಂದರೆ ಹತ್ತುವುದಕ್ಕೇ ಮುಕ್ಕಾಲು ಗಂಟೆ ಬೇರೆ ಇಟ್ಟುಕೊಳ್ಳಿ. ಇನ್ನೊಂದು ವಿಷಯ: ಕೂನೂರಿನ ರೈಲು ನಿಲ್ದಾಣ, ಬಸ್ ನಿಲ್ದಾಣ ಎರಡೂ ಕೆಳಗಿನ ಕೂನೂರಿನಲ್ಲಿವೆ, ಪಾರ್ಕು ಮೇಲಿನ ಕೂನೂರಿನಲ್ಲಿ. ನಡುವಿನ ರಸ್ತೆ ಕಡಿದಾದ ಏರು, ನಡೆದುಹೋಗುವ ಸಾಹಸ ಬೇಡ, ಆಟೊ ಹಿಡಿಯಿರಿ.

ಊಟಿಯಿಂದ ಕೂನೂರಿಗೆ ಹದಿನೆಂಟು ಇಪ್ಪತ್ತು ಕಿಲೋಮೀಟರು. ಮಾಮೂಲಿ ದಿನ ಮುಕ್ಕಾಲು ಗಂಟೆ, ಮೇ ತಿಂಗಳ ಭಾನುವಾರ ಅದರ ಎರಡರಷ್ಟು. ಹಾಗಾಗಿ ಕೂನೂರಿನಲ್ಲೇ ಒಂದು ರಾತ್ರಿ ಉಳಿದು ಬೆಳಿಗ್ಗೆ ತೆರೆದ ಕೂಡಲೇ ಪಾರ್ಕಿಗೆ ಹೋಗುವುದು ಬಹಳ ಚೆನ್ನ. ಸಂಜೆ ಕತ್ತಲಾಗುವ ಹೊತ್ತಿಗೆ ಕೂನೂರು, ಕೋಟಗಿರಿ ಸುತ್ತಿನ ಟೀ ತೋಟಗಳಿಗೆ, ಕೆಲವೊಮ್ಮೆ ರಸ್ತೆಗೂ ಕಾಟಿಗಳು ಇಳಿಯುತ್ತವೆ. ಸಾಧುವಾಗಿ ಮೇಯುತ್ತಿದ್ದರೂ ಹತ್ತಿರ ಹೋಗಿ ಸೆಲ್ಫಿ ತೆಗೆಯಬೇಡಿ. ಗಾಬರಿಯಾದ ಕಾಟಿ ನೇರ ಮೇಲೆ ನುಗ್ಗುತ್ತದೆ.

ಬೇಸಾಯ ನೋಡಬೇಕೆನ್ನುವವರಿಗೆ

ತೋಟಗಳಲ್ಲಿ ಬೆಳೆ ಕಾಣುವುದು ಪ್ರದರ್ಶನಕ್ಕೆ. ನಿಜವಾದ ಮಲೆಬೇಸಾಯ ಕೇತಿ ಕಣಿವೆಯಲ್ಲಿದೆ. ಊಟಿ ಕೂನೂರು ರೈಲಿನಲ್ಲಿ ಲವ್‌ಡೇಲ್ ಆದಮೇಲಿನ ನಿಲ್ದಾಣವೇ ಕೇತಿ. ನೀಲಗಿರಿಯ ಬೇಸಾಯಗಾರ ಸಮುದಾಯವಾದ ಬಡಗರ ಹಟ್ಟಿಗಳ ಸುತ್ತ ಹಂತ ಹಂತವಾಗಿ ಕ್ಯಾರೆಟ್, ಆಲೂಗಡ್ಡೆ, ಬೀಟ್‌ರೂಟ್, ಎಲೆಕೋಸು, ಬೆಳ್ಳುಳ್ಳಿ. ಆಲೂಗಡ್ಡೆಯನ್ನು ಇಲ್ಲಿ ವರ್ಷಕ್ಕೆ ಮೂರು ಹಂಗಾಮಿನಲ್ಲಿ ನೆಡುತ್ತಾರೆ: ಜನವರಿಯಲ್ಲಿ ನೀರಾವರಿಗೆ, ಏಪ್ರಿಲ್‌ನಲ್ಲಿ ಮುಂಗಾರಿಗೆ, ಆಗಸ್ಟ್‌ನಲ್ಲಿ ಹಿಂಗಾರಿಗೆ. ಬಡಗ ಮಾತು ಕನ್ನಡಕ್ಕೆ ತೀರ ಹತ್ತಿರದ್ದು, ನಿಧಾನವಾಗಿ ಮಾತಾಡಿದರೆ ಇಬ್ಬರಿಗೂ ತಿಳಿಯುತ್ತದೆ. ಹೊಲದ ಬದುವಿನಲ್ಲಿ ಕಾಲಿಡುವ ಮೊದಲು ಕೇಳಿ.

ಇಲ್ಲಿಂದ ಬಿತ್ತನೆಗೆಂದು ಆಲೂಗಡ್ಡೆಯನ್ನು, ಹೊಲದ ಮಣ್ಣು ಮೆತ್ತಿದ ಗಿಡವನ್ನು ಖಂಡಿತ ತರಬೇಡಿ. ಆಲೂಗಡ್ಡೆಯ ಬೇರು ಹೀರುವ ಗೋಲ್ಡನ್ ನೆಮಟೋಡ್ ಎಂಬ ಜಂತು 1961ರಲ್ಲಿ ನೀಲಗಿರಿಯಲ್ಲಿ ಪತ್ತೆಯಾಯಿತು. ಸಾಸಿವೆಗಿಂತ ಚಿಕ್ಕದಾದ ಅದರ ಕೋಶದೊಳಗೆ ನೂರಾರು ಮೊಟ್ಟೆಗಳಿದ್ದು, ಬೆಳೆಯಿಲ್ಲದ ಮಣ್ಣಿನಲ್ಲೂ ವರ್ಷಗಟ್ಟಲೆ ಬದುಕಿರುತ್ತವೆ. ಅದಕ್ಕೇ ಬಿತ್ತನೆ ಗಡ್ಡೆಯನ್ನು ಹೊರಗೆ ಸಾಗಿಸಲು 1971ರಿಂದ ನಿರ್ಬಂಧವಿದೆ. ಹಾಸನ, ಚಿಕ್ಕಬಳ್ಳಾಪುರದ ಕಡೆಯ ರೈತರಂತೂ ಇದನ್ನು ಮನಸ್ಸಿಟ್ಟು ಪಾಲಿಸಬೇಕು.

ಟೀ ಫ್ಯಾಕ್ಟರಿ ನೋಡುವುದಾದರೆ ಎಲೆ ಬಾಡಿಸುವ ತೊಟ್ಟಿಯಿಂದ ಶುರುಮಾಡಿ. ಹನ್ನೆರಡರಿಂದ ಹದಿನೆಂಟು ಗಂಟೆ ಬಾಡಿದ ಎಲೆ ಹಿಸುಕಿದರೆ ಮುರಿಯದೆ ಮುದುಡಬೇಕು. ನಾಲ್ಕರಿಂದ ನಾಲ್ಕೂವರೆ ಕಿಲೋ ಹಸಿ ಎಲೆಗೆ ಒಂದು ಕಿಲೋ ಟೀ. ಭಾನುವಾರ ಎಲೆ ಕೊಯ್ಯದ ಕಡೆ ಸೋಮವಾರ ಯಂತ್ರ ಖಾಲಿ ಇರುತ್ತದೆ, ಮಂಗಳವಾರದಿಂದ ಶನಿವಾರ ಹೋಗಿ. ಕೊಳ್ಳುವಾಗ ಹಾಲು ಹಾಕಿ ಕುದಿಸುವವರು ಸಿಟಿಸಿ, ಅಂದರೆ ಯಂತ್ರದಲ್ಲಿ ಹರಿದು ಕಾಳಾಗಿಸಿದ ಟೀ ತೆಗೆದುಕೊಳ್ಳಿ. ಉದ್ದೆಲೆಯ ಆರ್ಥಡಾಕ್ಸ್ ಟೀಗೆ ದುಡ್ಡು ಹೆಚ್ಚು, ಅದಕ್ಕೆ ಹಾಲು ಹಾಕಿದರೆ ಕೊಟ್ಟ ದುಡ್ಡಿನ ಪರಿಮಳ ಸಿಗದು.

ಜೂನ್‌ನಿಂದ ಆಗಸ್ಟ್‌ವರೆಗೆ ಹೋಗುವವರು ಕೂನೂರಿನಿಂದ ಮೇಟುಪಾಳ್ಯದ ಘಾಟಿಯಲ್ಲಿ ಬರ್ಲಿಯಾರ್‌ವರೆಗೆ ಇಳಿದರೆ ರಸ್ತೆಬದಿಯಲ್ಲಿ ಮ್ಯಾಂಗೊಸ್ಟೀನ್ ಸಿಗುತ್ತದೆ. 1871ರಲ್ಲಿ ಆರಂಭವಾದ ಸರ್ಕಾರಿ ಹಣ್ಣಿನ ತೋಟ ಅಲ್ಲಿದೆ. ಕೊಳ್ಳುವಾಗ ಸಿಪ್ಪೆ ಒತ್ತಿ ನೋಡಿ, ಸ್ವಲ್ಪ ಬಗ್ಗಬೇಕು. ಕಲ್ಲಿನಂತೆ ಗಟ್ಟಿಯಾಗಿದ್ದರೆ ಒಳಗೆ ಕೆಟ್ಟಿದೆ. ಹಣ್ಣಿನ ತಳದ ಹೂವಿನಾಕಾರದ ಗುರುತಿನಲ್ಲಿ ಎಷ್ಟು ದಳವೋ ಒಳಗೆ ಅಷ್ಟೇ ತೊಳೆ. ದಳ ಹೆಚ್ಚಿದ್ದಷ್ಟೂ ತೊಳೆ ಸಣ್ಣ, ಬೀಜ ಕಡಿಮೆ.

ಯಾರಿಗೆ ಯಾವುದು

ಮೈಸೂರಿನಿಂದ ಬಂದು ಅಂದೇ ಮರಳುವವರು ಬೊಟಾನಿಕಲ್ ಗಾರ್ಡನ್ನಿಗೆ ಎರಡೂವರೆ ಗಂಟೆ ಕೊಟ್ಟು, ಉಳಿದ ಹೊತ್ತಿಗೆ ಮೇ ತಿಂಗಳಾದರೆ ಗುಲಾಬಿ, ಬೇರೆ ತಿಂಗಳಾದರೆ ಕರ್ನಾಟಕ ಸಿರಿ ಇಟ್ಟುಕೊಳ್ಳಿ. ಕೂನೂರಿನ ಆಸೆ ಆ ದಿನ ಬೇಡ. ಮಸಿನಗುಡಿಯ ಕಲ್ಲಟ್ಟಿ ಘಾಟಿ ಹತ್ತಲು ಮಾತ್ರ, ಇಳಿಯಲು ಹೊರಗಿನ ಗಾಡಿಗಳನ್ನು ಬಿಡುವುದಿಲ್ಲ. ಮರಳುವಾಗ ಗೂಡಲೂರಿನ ಸುತ್ತು ಬರುವುದನ್ನು ಲೆಕ್ಕಕ್ಕೆ ಹಿಡಿಯಿರಿ.

ಹಿರಿಯರೊಂದಿಗೆ ಎರಡು ದಿನ ಇರುವವರಿಗೆ ಮೊದಲ ದಿನ ಬೊಟಾನಿಕಲ್ ಗಾರ್ಡನ್ನಿನ ಕೆಳಭಾಗ, ಎರಡನೇ ದಿನ ಊಟಿಯಿಂದ ಕೂನೂರಿಗೆ ರೈಲು, ಸಿಮ್ಸ್ ಪಾರ್ಕಿನ ಮೇಲಿನ ಸುತ್ತು. ಕೂತಲ್ಲೇ ಕಣಿವೆ, ಹೊಲ, ಟೀ ಎಲ್ಲ ಕಾಣುವುದರಿಂದ ಅವರಿಗೆ ತೋಟಕ್ಕಿಂತ ಆ ರೈಲೇ ಹೆಚ್ಚು ಹಿಡಿಸಬಹುದು. ಟಿಕೆಟ್ಟು ಮುಂಗಡ ಮಾಡಿಸಿ.

ಕೈ ಬಿಗಿಯಿರುವವರು ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ ಬನ್ನಿ. ಊಟಿ ಕೂನೂರು ನಡುವೆ ದಿನವಿಡೀ ಸರ್ಕಾರಿ ಬಸ್ಸುಗಳಿವೆ, ಬೇಸಿಗೆ ಸೀಸನ್ನಿನಲ್ಲಿ ಊಟಿಯ ಪ್ರವಾಸಿ ತಾಣಗಳನ್ನು ಸುತ್ತಿಸುವ ಬಸ್ಸೂ ಓಡುತ್ತದೆ. ಕಾರಿನಲ್ಲಿ ಬಂದರೂ ಮೇ ತಿಂಗಳಲ್ಲಿ ಅದನ್ನು ವಸತಿಯಲ್ಲೇ ನಿಲ್ಲಿಸಿ ಈ ಬಸ್ಸು ಹತ್ತುವುದು ಬೇಗ ತಲುಪುವ ದಾರಿ. ಸ್ವಂತ ಗಾಡಿಯಲ್ಲಿ ನೀಲಗಿರಿಗೆ ಬರಲು ಇ-ಪಾಸ್, ಅಂದರೆ ಆನ್‌ಲೈನ್ ಪರವಾನಗಿ, ಬೇಕು. ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ 7ರಿಂದ ಇದು ಜಾರಿಗೆ ಬಂತು. 2025ರ ಬೇಸಿಗೆಯಲ್ಲಿ ವಾರದ ದಿನ ಆರು ಸಾವಿರ, ವಾರಾಂತ್ಯ ಎಂಟು ಸಾವಿರ ಗಾಡಿಗಳ ಮಿತಿಯನ್ನೂ ಹಾಕಿದ್ದರು. ಹೊರಡುವ ಹಿಂದಿನ ದಿನವೇ ಪಾಸ್ ತೆಗೆದು ಫೋನಿನಲ್ಲಿ ಉಳಿಸಿಕೊಳ್ಳಿ, ಬಂಡೀಪುರದ ಕಾಡಿನಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ. ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ಕಿಗೆ, ಸಣ್ಣ ನೀರಿನ ಬಾಟಲಿಗೂ ಜಿಲ್ಲೆಯಲ್ಲಿ ನಿಷೇಧವಿದೆ. ಚೆಕ್‌ಪೋಸ್ಟಿನಲ್ಲಿ ತಡೆದು ನೋಡುತ್ತಾರೆ, ಸ್ಟೀಲ್ ಬಾಟಲಿ ಇಟ್ಟುಕೊಳ್ಳಿ.

ಗಿಡ ಕೊಂಡುಬರಬೇಕೆಂದಿರುವವರು ಅದನ್ನು ಕೊನೆಯ ದಿನದ ಕೊನೆಯ ಕೆ‌ಲಸವಾಗಿಸಿ. ಬೆಂಗಳೂರು, ಮೈಸೂರಿನ ಸೆಕೆಗೆ ಫ್ಯೂಷಿಯಾ, ಗಡ್ಡೆ ಬಿಗೋನಿಯಾ, ಸಿನರೇರಿಯಾ, ಕಮೀಲಿಯಾ ನಿಲ್ಲುವುದಿಲ್ಲ, ಎಷ್ಟು ಚೆಂದ ಕಂಡರೂ ಬಿಡಿ. ಕಸಿ ಗುಲಾಬಿ, ಸಕ್ಯುಲೆಂಟ್, ಗ್ಲಾಡಿಯೋಲಸ್ ಗಡ್ಡೆ ಚೆನ್ನಾಗಿ ಬರುತ್ತವೆ. ಹೈಡ್ರೇಂಜಿಯಾ ಬೆಳಗಿನ ಎಳೆಬಿಸಿಲು ಮಾತ್ರ ತಾಗುವ ಜಾಗದಲ್ಲಿ ಬದುಕುತ್ತದೆ. ಕಾರಿನ ಡಿಕ್ಕಿಯಲ್ಲಿಟ್ಟರೆ ಗುಂಡ್ಲುಪೇಟೆ ತಲುಪುವಷ್ಟರಲ್ಲಿ ಎಲೆ ಬಾಡುತ್ತದೆ, ಸೀಟಿನ ಕೆಳಗೆ ನೆರಳಿನಲ್ಲಿಡಿ. ಮನೆಗೆ ಬಂದಮೇಲೆ ಹತ್ತು ದಿನ ನೆರಳಲ್ಲಿಟ್ಟು ಆಮೇಲೆ ಕುಂಡ ಬದಲಿಸಿ. ನರ್ಸರಿಯ ಹಗುರ ಮಿಶ್ರಣ ಒಮ್ಮೆ ಪೂರ್ತಿ ಒಣಗಿದರೆ ಮೇಲಿನಿಂದ ಹೊಯ್ದ ನೀರು ಅಂಚಿನಲ್ಲಿ ಹರಿದುಹೋಗಿ ಬೇರು ಒಣಗಿಯೇ ಉಳಿಯುತ್ತದೆ, ಕುಂಡವನ್ನೇ ಬಕೆಟ್ ನೀರಿನಲ್ಲಿ ಕಾಲು ಗಂಟೆ ಮುಳುಗಿಸಿಡಿ.